ಬಾಗಿಲು ಹಾಕಿದ ಪೂಜೆ

ನನ್ನ ಮಗಳು ಶಿವಗಂಗಾ ದಡ್ಡಿಯಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ "ಅಷ್ಟು ಓದಿದ ಹುಡುಗಿ ಹೀಗೆ ಮಾಡ್ತಾಳಾ?" ಎನ್ನುತ್ತಾರೆ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವ ಕೆಲಸ ಅವಳದು. ಸಾವಿರದಲ್ಲಿ ಒಂದು ಸಲ ತಪ್ಪಿದರೂ ಆ ಗಾಡಿಯನ್ನು ರಸ್ತೆಗಿಳಿಯಲು ಬಿಡುವವಳಲ್ಲ. ಹೂಡಿಯ ಈ ಮನೆಯನ್ನು ಆರಿಸಿದ್ದು ಅವಳು, ನನ್ನ ಮಂಡಿ ಆಪರೇಷನ್ ಎಲ್ಲಿ, ಯಾವಾಗ ಎಂದು ಗೊತ್ತುಮಾಡಿದ್ದೂ ಅವಳೇ. ದಾವಣಗೆರೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಪಾಠ ಹೇಳಿದ ನಾನು ಇಲ್ಲಿ ಅವಳು ಹಾಕಿದ ಗೆರೆ ದಾಟುತ್ತಿರಲಿಲ್ಲ.

ನನ್ನದು ಒಂದೇ ಕಟ್ಟುನಿಟ್ಟು. ಇಷ್ಟಲಿಂಗದ ಪೂಜೆಯಾಗದೆ ತುತ್ತು ಬಾಯಿಗಿಡಬಾರದು. ಚಿಕ್ಕಂದಿನಲ್ಲಿ ಗಂಗಾ ಎರಡೇ ನಿಮಿಷಕ್ಕೆ ವಿಭೂತಿ ಬಳಿದುಕೊಂಡು ದೋಸೆಗೆ ಓಡಿಬಂದು ಬೈಸಿಕೊಳ್ಳುತ್ತಿದ್ದಳು. ಕಳೆದ ವರ್ಷದಿಂದ ಎಲ್ಲ ತಿರುವುಮುರುವಾಯಿತು. ಕೋಣೆಯ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಪೂಜೆ. ಹೊರಬರುವ ಹೊತ್ತಿಗೆ ಆಫೀಸಿನ ಕ್ಯಾಬ್ ಬಂದಿರುತ್ತಿತ್ತು, ತಿಂಡಿ ತಟ್ಟೆಯಲ್ಲೇ ಆರುತ್ತಿತ್ತು. ಸಂಜೆ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು.

"ಮೂರು ಹೊತ್ತೂ ಪೂಜೆ ಹಿಡಿದಿದೀನಮ್ಮ. ಆಫೀಸಲ್ಲಿ ಎಲ್ಲಿ ಮಾಡ್ಲಿ? ಮಾಡ್ದೆ ಹೇಗೆ ತಿನ್ಲಿ?" ಎನ್ನುತ್ತಿದ್ದಳು.

ನಾನೇನು ಮಾಡಿದೆ? ಹಿಗ್ಗಿದೆ. ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ. ಪಕ್ಕದ ಮನೆಯ ವಸಂತಮ್ಮ "ಹುಡುಗಿ ಕೆನ್ನೆ ಒಳಗೆ ಹೋಗಿದೆ ಕಣ್ರೀ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದಾಗ, "ಅದು ನೇಮದ ಕಳೆ, ನಿಮಗೆ ಗೊತ್ತಾಗಲ್ಲ ಬಿಡಿ" ಎಂದು ಬಾಯಿ ಮುಚ್ಚಿಸಿದೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಪೈಕಿ ನಾನು.

ಮೊನ್ನೆ ಮಂಗಳವಾರ ಬೆಳಿಗ್ಗೆ ಗೇಟಿನ ಮುಂದೆ ಕ್ಯಾಬ್ ಹತ್ತುವಾಗ ಗಂಗಾ ಕುಸಿದುಬಿದ್ದಳು. ಅದೇ ಕ್ಯಾಬಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಎತ್ತುವಾಗ ಕೈಗೆ ಸಿಕ್ಕಿದ್ದು ಬರೀ ಎಲುಬು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಮುರಳಿ ಹೇಳಿದರು: "ಇವರು ತಿಂಗಳುಗಟ್ಟಲೆ ಅರೆಹೊಟ್ಟೇಲಿದ್ದಾರೆ ಮೇಡಂ. ಹೃದಯ ತೀರಾ ನಿಧಾನ ಆಗಿದೆ. ಈಗ್ಲೇ ಅಡ್ಮಿಟ್ ಆಗ್ಬೇಕು. ಇಲ್ದಿದ್ರೆ ಯಾವಾಗ ಬೇಕಾದ್ರೂ ನಿಂತ್ಹೋಗ್ಬಹುದು."

"ಪೂಜೆ ಜಾಸ್ತಿ ಸಾರ್, ಅದಕ್ಕೇ..." ಎಂದೆ. ಆಗಲೂ ನನ್ನ ದನಿಯಲ್ಲಿ ಜಂಬವಿತ್ತು. ನೆನೆದರೆ ನಾಚಿಕೆಯಾಗುತ್ತದೆ.

"ಪೂಜೆ ಮಾಡ್ತಿರ್ಲಿಲ್ಲಮ್ಮ," ಎಂದಳು ಗಂಗಾ ಹಾಸಿಗೆಯಿಂದ. "ಒಂದು ವರ್ಷ ಆಯ್ತು. ಬಾಗಿಲು ಹಾಕ್ಕೊಂಡು ಎಕ್ಸರ್‌ಸೈಜ್ ಮಾಡ್ತಿದ್ದೆ. ಪೂಜೆ ಅಂದ್ರೆ ನೀನು ತಿನ್ನು ಅಂತ ಪೀಡಿಸಲ್ಲ, ಅದಕ್ಕೆ."

ಒಳಗಿನಿಂದ ಕೇಳುತ್ತಿದ್ದ ಧಪ್ ಧಪ್ ಸದ್ದನ್ನು ನಾನು ದೀರ್ಘದಂಡ ನಮಸ್ಕಾರವೆಂದುಕೊಂಡು, ಭಕ್ತಿಯಿಂದ ಟಿವಿಯ ದನಿ ತಗ್ಗಿಸುತ್ತಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಬಾಕಿಯಿತ್ತು.

"ನಾನು ಅಡ್ಮಿಟ್ ಆಗಲ್ಲ ಸಾರ್," ಎಂದಳು, ಅಂಗಡಿಯವನಿಗೆ ಇವತ್ತು ಕೊತ್ತಂಬರಿ ಬೇಡ ಎನ್ನುವಷ್ಟು ತಣ್ಣಗೆ. "ಡ್ರಿಪ್‌ನಲ್ಲಿ ಗ್ಲೂಕೋಸ್ ಇರುತ್ತೆ. ದಪ್ಪ ಆಗ್ತೀನಿ."

"ಹಾಕಿಸ್ಕೊಳ್ದಿದ್ರೆ ಸಾಯ್ಬಹುದು," ಎಂದರು ಡಾಕ್ಟರು.

"ಅರ್ಥ ಆಯ್ತು ಸಾರ್. ಸಾಯೋದು ಬರೀ 'ಬಹುದು'. ದಪ್ಪ ಆಗೋದು ಗ್ಯಾರಂಟಿ."

ನನ್ನ ಮಗಳು. ಬ್ರೇಕ್ ನೋಡುವವಳು. ನನಗೆ ಭಯಕ್ಕಿಂತ ಮೊದಲು ಮೈಯೆಲ್ಲ ಉರಿಯಿತು. "ಬುದ್ಧಿಗೇನು ಮಂಕು ಬಡಿದಿದೆಯೇನೇ ನಿಂಗೆ?" ಎಂದೆ.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಬೈಬೇಡಿ. ಇದು ಹಟ ಅಲ್ಲ, ಕಾಯಿಲೆ. ಊಟ ಇಲ್ದಿದ್ರೆ ಮೆದುಳೂ ಸೊರಗುತ್ತೆ. ಬೇರೆ ಎಲ್ಲದ್ರಲ್ಲೂ ಚುರುಕಾಗಿರ್ತಾರೆ, ತಿನ್ನೋ ವಿಷಯಕ್ಕೆ ಬಂದ್ರೆ ಮಾತ್ರ ತಕ್ಕಡಿ ಒಂದೇ ಕಡೆ ವಾಲುತ್ತೆ. ಪರೀಕ್ಷೆ ಹೊತ್ತಲ್ಲೇ ಮನೋವೈದ್ಯರೂ ಬಂದು ನೋಡಿದ್ದಾರೆ. ಈ ತೀರ್ಮಾನ ತಗೊಳ್ಳೋ ಸ್ಥಿತೀಲಿ ಅವರಿಲ್ಲ. ಅವರ ಪರವಾಗಿ ನೀವು ಸಹಿ ಹಾಕ್ಬೇಕು."

ಗ್ಯಾಸ್ ಬುಕ್ ಮಾಡಲೂ ಅವಳನ್ನು ಕೇಳುವ ನಾನು, ಅವಳ ಮಾತು ಮೀರಿ, ಅವಳ ಪ್ರಾಣದ ಬಗ್ಗೆ ಸಹಿ ಹಾಕಬೇಕು. ಕಾಗದ ಹಿಡಿದು ಒಳಗೆ ಹೋದೆ. ಅವಳಿಗೆ ಕಾಣದಂತೆ ಹಾಕಲು ಮನಸ್ಸು ಬರಲಿಲ್ಲ.

"ಅಮ್ಮ, ನೀನು ಸಹಿ ಹಾಕಿದ್ರೆ ಈ ಜನ್ಮದಲ್ಲಿ ನಿನ್ನ ಮಾತಾಡಿಸಲ್ಲ."

"ಮಾತಾಡಿಸ್ಬೇಡ. ಬದುಕಿರು ಸಾಕು," ಎಂದು ಅವಳೆದುರೇ ಸಹಿ ಹಾಕಿದೆ.

ಅವಳು ಗೋಡೆಯ ಕಡೆ ಹೊರಳಿದಳು. ಸಿಸ್ಟರ್ ಸೂಜಿ ತಂದರು. ಕೊಸರಾಡುತ್ತಾಳೆ, ಹಿಡಿದುಕೊಳ್ಳಬೇಕಾಗುತ್ತದೆ ಎಂದು ನಾನು ಸೆರಗು ಬಿಗಿದು ಹತ್ತಿರ ಹೋದೆ.

"ಸಿಸ್ಟರ್, ನಾನು ಒಪ್ಪಲಿಲ್ಲ ಅಂತ ಫೈಲಲ್ಲಿ ಬರ್ಕೊಳ್ಳಿ," ಎಂದಳು ಗಂಗಾ, ಗೋಡೆಯನ್ನೇ ನೋಡುತ್ತ.

ಸಿಸ್ಟರ್ ನನ್ನ ಮುಖ ನೋಡಿ, ಬರೆದುಕೊಂಡರು.

"ಬರೆದ್ರಾ?"

"ಬರೆದೆ."

ಗಂಗಾ ತೋಳಿನ ಬಟ್ಟೆಯನ್ನು ತಾನೇ ಮೇಲೇರಿಸಿ, ಕೈ ಚಾಚಿದಳು.