ನಕಲು ತಿದ್ದದ ಕೈ

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಮುದುಕನನ್ನು ಕಂಡು ಚಿತ್ರಗಾರ್ತಿ ಕದ ಹಿಡಿದೇ ನಿಂತಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದರಲ್ಲಿ ಅವಳಿಗಿದ್ದ ಒಬ್ಬನೇ ಪ್ರತಿಸ್ಪರ್ಧಿ ಅವನು. ಅವನ ಪೊದೆಮೀಸೆ ನೋಡಿ ಎಲ್ಲರೂ ಅವನನ್ನು ‘ಮೀಸೆ’ ಎಂದೇ ಕರೆಯುತ್ತಿದ್ದರು. ಅವಳ ಆನೆಗಳನ್ನು ತುಂಬಿದ ಸಭೆಯಲ್ಲಿ ‘ಉಬ್ಬಿದ ದಿಂಬುಗಳು’ ಎಂದು ಅವನು ಆಡಿಕೊಂಡಾಗಿನಿಂದ ಇಬ್ಬರದೂ ಎಣ್ಣೆ–ಸೀಗೆಕಾಯಿ.

“ನಿಮ್ಮನೆ ಮೆಟ್ಟಿಲು ಹತ್ತೋಷ್ಟರಲ್ಲಿ ಜೀವ ಬಾಯಿಗೆ ಬಂತು ಕಣ್ರೀ. ಒಳಗೆ ಕರೀತೀರೋ, ಇಲ್ಲೇ ಕೂತ್ಕೊಳ್ಳಲೋ?”

ನೀರು ಕುಡಿದು, ಚೀಲದಿಂದ ಕೆಲವು ಹಾಳೆಗಳನ್ನು ತೆಗೆದು ಹರಡಿದ. ಮೇಲಿನ ಚಿತ್ರದಲ್ಲಿ ಆನೆಮರಿಯೊಂದು ಕೆರೆಗೆ ಇಳಿಯುತ್ತಿತ್ತು. ಅದೇ ದುಂಡು ಬೆನ್ನು, ಅದೇ ಅರೆಮುಚ್ಚಿದ ಕಣ್ಣು. ಅವಳದೇ ಗೆರೆ, ಆದರೆ ಅವಳು ಬರೆದದ್ದಲ್ಲ. ಪಕ್ಕದ ಹುಡುಗಿಯ ಎರಡೂ ಜಡೆ ಒಂದೇ ಕಿವಿಯ ಹಿಂದಿನಿಂದ ಹೊರಟಿದ್ದವು.

“ನಮ್ಮ ಪ್ರಕಾಶಕರು ನಿಮ್ಮ ಹಳೇ ಪುಸ್ತಕಗಳನ್ನೆಲ್ಲ ಎಐಗೆ ತಿನ್ನಿಸಿ ಇದನ್ನ ಮಾಡಿಸಿದಾರೆ. ಜಡೆ ತಿದ್ದಿಕೊಡಿ ಅಂತ ನನಗೆ ಕಳಿಸಿದ್ರು. ನಿಮಗೆ ಇದು ಗೊತ್ತಾ ಅಂತ ಕೇಳಿದೆ. ಅವರಿಗೆ ಹೇಳೋದೇನಿದೆ ಅಂದ್ರು.”

ಆ ಬೆನ್ನಿನ ದುಂಡು ಕೈಗೆ ಹತ್ತಲು ಅವಳಿಗೆ ಅರ್ಧ ಆಯಸ್ಸು ಹಿಡಿದಿತ್ತು. “ತಿದ್ದಿಕೊಟ್ಟು ಸುಮ್ಮನಿರಬಹುದಿತ್ತಲ್ಲ ನೀವು?”

“ಇರಬಹುದಿತ್ತು. ನಿಮ್ಮ ಆನೇನ ಬೈಯೋಕೆ ನಾನು ಯಾವತ್ತೂ ಮುಂದೆ. ಆದ್ರೆ ಕದಿಯೋರಿಗೆ ಏಣಿ ಹಿಡಿಯಲ್ಲ. ಚಪ್ಪಲಿ ಹಾಕ್ಕೊಳ್ಳಿ, ಅವರ ಆಫೀಸಿಗೇ ಹೋಗೋಣ.”

ಪ್ರಕಾಶಕ ಮೊದಲು ನಕ್ಕ. “ಶೈಲಿಗೆ ಎಲ್ಲಿದೆ ಮೇಡಂ ಹಕ್ಕುಸ್ವಾಮ್ಯ? ದೊಡ್ಡ ದೊಡ್ಡ ಕೋರ್ಟುಗಳೇ ಇನ್ನೂ ತಲೆ ಕೆರ್ಕೊಳ್ತಿವೆ.”

“ಕೆರ್ಕೊಳ್ಳಲಿ.” ಅವಳು ಯಂತ್ರದ ಹಾಳೆಗಳನ್ನು ಅವನ ಮುಂದಿಟ್ಟಳು. “ಪುಸ್ತಕಗಳು ನನ್ನವು. ತಿನ್ನಿಸೋ ಮುಂಚೆ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

ಪ್ರಕಾಶಕ ಫೋನು ನೋಡತೊಡಗಿದ. ಮೀಸೆ ಮೇಜಿನ ಮೇಲಿದ್ದ ತನ್ನ ಹೊಸ ಪುಸ್ತಕದ ಚಿತ್ರಗಳ ಕಟ್ಟನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡ. “ಹಾಗಾದ್ರೆ ಇದೂ ಸಿಗಲ್ಲ. ಇವತ್ತು ಅವರ ಆನೆ, ನಾಳೆ ನನ್ನ ನರಿ.”

ಈ ವರ್ಷ ಅವನ ಕೈಯಲ್ಲಿದ್ದುದು ಅದೊಂದೇ ಕೆಲಸ. ಅವಳಿಗದು ಗೊತ್ತಿತ್ತು.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಪ್ರಕಾಶಕ ಎದ್ದು ಬಂದ. “ಕೂತ್ಕೊಳ್ಳಿ ಯಜಮಾನ್ರೇ, ಅದ್ಯಾಕೆ ಅಷ್ಟು ಸಿಟ್ಟು?” ಮಾತು ಸಂಜೆಯವರೆಗೂ ಎಳೆಯಿತು. ಕೊನೆಗೆ ಯಂತ್ರದ ಹಾಳೆಗಳು ಕಸದಬುಟ್ಟಿ ಸೇರಿದವು, ಆನೆಮರಿಯ ಕತೆಗೆ ಚಿತ್ರ ಬರೆಯುವ ಕೆಲಸ ಅವಳ ಕೈಗೆ ಬಂತು. ಇನ್ನು ಕೇಳದೆ ಮುಟ್ಟುವುದಿಲ್ಲ ಎಂದು ಪ್ರಕಾಶಕ ಗೊಣಗಿದ.

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು.

“ನಿಮ್ಮ ಉಪಕಾರಾನ ನಾನು...” ಎಂದು ಅವಳು ಶುರುಮಾಡಿದಳು.

“ಭಾಷಣ ಬೇಡಮ್ಮ, ನಿದ್ದೆ ಬರ್ತಿದೆ,” ಎಂದು ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನ ತಲೆ ಅವಳ ಭುಜಕ್ಕೆ ಒರಗಿತು.

ಅವಳು ಇಳಿಯಬೇಕಾದ ಸ್ಟಾಪು ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಅವಳು ಭುಜ ಅಲುಗಿಸದೆ ಕೂತೇ ಇದ್ದಳು.