ತಂಪು ಪುಕ್ಕಟೆ ಸಿಗುವ ದಿನಗಳು

ಹಾಲು ಒಡೆದಿಲ್ಲ, ರಾತ್ರಿ ಕಾಯಿಸಲು ಮರೆತು ಕಟ್ಟೆಯ ಮೇಲೆ ಬಿಟ್ಟದ್ದು ಹಾಗೇ ಇದೆ, ಮೂಸಿ ನೋಡಿದರೂ ಹುಳಿಯಿಲ್ಲ, ಬೇಸಿಗೆಯಾಗಿದ್ದರೆ ಇಷ್ಟು ಹೊತ್ತಿಗೆ ಗಡ್ಡೆಗಡ್ಡೆ ನೀರಾಗಿ ಚರಂಡಿ ಸೇರಿರುತ್ತಿತ್ತು, ಚಳಿ ಬಂತೆಂದರೆ ಮನೆ ತಾನಾಗಿಯೇ ಅಗ್ಗವಾಗುತ್ತದೆ, ಅನ್ನ ಹಳಸುವುದಿಲ್ಲ, ಸೊಪ್ಪು ಬಾಡುವುದಿಲ್ಲ, ನೀರಿನ ಟ್ಯಾಂಕರಿಗೆ ಕಾಯುವುದಿಲ್ಲ, ಬೆವರದ ಬಟ್ಟೆಗೆ ಅರ್ಧ ಸೋಪು ಸಾಕು — ಬೆವರು, ಆ ಮಾತು ಬೇಡ, ಒಲೆ ಹಚ್ಚು, ಮೊದಲು ಒಲೆ ಹಚ್ಚು. ಒಳಗೆ ಕೂಸು ಮುಲುಗುತ್ತಿದೆ, ಇನ್ನೂ ಎದ್ದಿಲ್ಲ, ಕೂಲರಿನ ಸದ್ದಿಲ್ಲದ ಮನೆಯಲ್ಲಿ ಅದರ ಉಸಿರೂ ಅಡುಗೆಮನೆಗೆ ಕೇಳುತ್ತದೆ, ಬಾಗಿಲ ಮೇಲಿನ ಮೀಟರಿನ ಚಕ್ರ ಬೇಸಿಗೆಯಲ್ಲಿ ಕೆಂಪು ಗೆರೆ ಕಣ್ಣಿಗೆ ಸಿಗದ ಹಾಗೆ ಓಡುತ್ತಿತ್ತು, ಈಗ ಮನಸ್ಸಿಲ್ಲದ ಮುದುಕನಂತೆ ತೆವಳುತ್ತಿದೆ, ನಿನ್ನೆ ಇವರು ಸ್ಟೂಲು ಹತ್ತಿ ನೋಡಿ ನಕ್ಕರು, ನೋಡೇ, ನಮ್ಮ ಮೀಟರಿಗೂ ಚಳಿ ಹಿಡಿದಿದೆ, ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಇಳಿದು ಸ್ಟೂಲು ಒರೆಸಿದರು, ಕಳೆದ ಬೇಸಿಗೆಯ ನಂತರ ಈ ಮನೆಯಲ್ಲಿ ಯಾರು ನಕ್ಕರೂ ಹೀಗೇ, ಕೂಡಲೇ ಏನನ್ನಾದರೂ ಒರೆಸುತ್ತಾರೆ. ಕಿಟಕಿಯಾಚೆ ಹಗ್ಗದ ಮೇಲೆ ಹಳದಿ ಬನಿಯನ್, ಅಂಗೈಯಗಲದ್ದು, ನಿನ್ನೆ ಬೆಳಗ್ಗೆ ಪಾತ್ರೆ ತೊಳೆಯುತ್ತ ತೊಳೆಯುತ್ತ ಕೈಗಳೇ ಅದನ್ನು ಪೆಟ್ಟಿಗೆಯಿಂದ ತೆಗೆದು ನೆನೆಸಿ ಹಿಂಡದೆಯೇ ಹಾಕಿಬಿಟ್ಟಿವೆ, ಅಭ್ಯಾಸ, ಇಬ್ಬನಿಗೆ ಇನ್ನೂ ತೊಟ್ಟಿಕ್ಕುತ್ತಿದೆ.

ದೊಡ್ಡವಳಿಗೆ ಬೆವರೇ ಬರುತ್ತಿರಲಿಲ್ಲ. ಚರ್ಮದ ಡಾಕ್ಟರು ಅವಳ ಬೆನ್ನನ್ನು ದೀಪಕ್ಕೆ ಹಿಡಿದು ಹೇಳಿದ್ದರು, ಇವಳ ಮೈಗೆ ಬೆವರೋ ದಾರೀನೇ ಇಲ್ಲಮ್ಮ, ಒಳಗಿನ ಬಿಸಿ ಒಳಗೇ ನಿಲ್ಲುತ್ತೆ, ಅವಳ ಬದಲು ನೀವೇ ಹೊರಗಿನಿಂದ ಬೆವರಬೇಕು, ಹಾಗೆ ನಾನು ಬೆವರಿದೆ, ಒಂದು ಬನಿಯನ್ ನೆನೆಸಿ ತೊಡಿಸುವುದು, ಹಾಲು ಉಕ್ಕುವಷ್ಟರಲ್ಲಿ ಅದು ಮೈಮೇಲೇ ಒಣಗುತ್ತಿತ್ತು, ಅಷ್ಟರಲ್ಲಿ ಇನ್ನೊಂದು ನೆನೆದಿರಬೇಕು, ಇವರು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸ ಮುಗಿಸಿ ಬರುವಾಗ ಐಸ್ ಕಾರ್ಖಾನೆಯಿಂದ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ ತರುತ್ತಿದ್ದರು, ದಾರಿಯುದ್ದಕ್ಕೂ ನೀರಿನ ಗೆರೆ, ಸಂಬಳವೇ ಕರಗಿ ಹೋಗ್ತಿದೆ ನೋಡಮ್ಮ ಎಂದು ತಾಯಿಗೆ ತೋರಿಸಿ ನಗುತ್ತಿದ್ದರು, ಆಗ ಯಾರೂ ಏನನ್ನೂ ಒರೆಸುತ್ತಿರಲಿಲ್ಲ. ಅತ್ತೆ ಅವಳನ್ನು ಮೀನಮ್ಮ ಎಂದೇ ಕರೆದದ್ದು, ಏನೇ ಮೀನಮ್ಮ, ನೀರಿಂದ ಎತ್ತಿದ್ರೆ ಒದ್ದಾಡ್ತೀಯೇನೇ, ಅವಳು ಮೊಳೆಯಂತೆ ಚೂಪಾದ ಎರಡೇ ಹಲ್ಲು ತೋರಿಸಿ ಕೆನ್ನೆ ಉಬ್ಬಿಸಿ ಮೀನಿನ ಬಾಯಿ ಮಾಡುತ್ತಿದ್ದಳು, ಆ ಬಾಯಿ, ಊರಿಗೆಲ್ಲ ಕರೆಂಟು ಹೋದ ಆ ಮಧ್ಯಾಹ್ನವೂ ಅದನ್ನೇ ಮಾಡಿದಳು, ಆಟವಲ್ಲ, ಗಾಳಿಗೆ, ಇವರು ಐಸ್ ಕಾರ್ಖಾನೆಯ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಾರೆ, ಅಲ್ಲೂ ಎಲ್ಲ ನೀರಾಗಿದೆ, ನಾನು ಹಳದಿ ತೊಡಿಸುತ್ತೇನೆ, ಒಣಗುತ್ತದೆ, ಬಿಳಿ ತೊಡಿಸುತ್ತೇನೆ, ಒಣಗುತ್ತದೆ, ಮತ್ತೆ ಹಳದಿ, ಅದರಿಂದ ಹಬೆ ಏಳುತ್ತಿದೆ, ಅಮ್ಮಾ ಸಾಕು ಎಂದಳೇ, ಬೇಕು ಎಂದಳೇ — ಮಳೆ ಅವಳು ಹೋದ ಮರುವಾರ ಬಂತು. ಮಳೆ ಬಂದು ಮನೆ ತಣ್ಣಗಾಯಿತು, ಹೊಟ್ಟೆಯಲ್ಲಿ ಈ ಕೂಸಿತ್ತು.

ಎದ್ದಿತು, ಬಾ ಕಂದ, ಬಾ ನನ್ನ ಬಂಗಾರ, ಕುಡಿ, ಮೆಲ್ಲಗೆ ಕುಡಿ, ಎಷ್ಟು ಜೋರಾಗಿ ಎಳೆಯುತ್ತೆ ನೋಡು ಮುದ್ದು, ಕೈ ತಾನಾಗಿ ಕುತ್ತಿಗೆಯ ಹಿಂದೆ ಹೋಗುತ್ತದೆ, ಕೂದಲಿನ ಬುಡಕ್ಕೆ, ಇರುವುದೇ ನಾಲ್ಕು ಕೂದಲು, ಒಣಗಿದೆ. ನನ್ನ ಮಗ ಹಾಲು ಕುಡಿಯೋವಾಗ ತಲೆ ಬೆವರಿ ನನ್ನ ಮೊಣಕೈಯೆಲ್ಲ ಒದ್ದೆ ಆಗ್ತಿತ್ತು ಎಂದು ಅತ್ತೆ ಯಾವತ್ತೋ ಯಾರಿಗೋ ಹೇಳುತ್ತಿದ್ದದ್ದು ಕಿವಿಯಿಂದ ಹೋಗುತ್ತಿಲ್ಲ, ಒಣಗಿದೆ, ಆದರೆ ಚಳಿಯಲ್ಲವೇ, ಚಳಿಯಲ್ಲಿ ಯಾರ ತಲೆ ಬೆವರುತ್ತದೆ, ನನ್ನದೂ ಒಣಗಿದೆ, ಬೇಸಿಗೆ ಬರಲಿ ಗೊತ್ತಾಗುತ್ತೆ ಎಂದರು ಡಾಕ್ಟರು, ಅಕ್ಕನ ಹಾಗೆ ಚೂಪಾಗಿ ಬರುತ್ತೋ ಏನೋ, ಹಲ್ಲು ಬಂದಾಗ ನೋಡೋಣ ಎಂದರು. ದೊಡ್ಡವಳೂ ಚಳಿಯಲ್ಲೇ ಹುಟ್ಟಿದವಳು, ಒಂದು ಕಾಯಿಲೆಯಿಲ್ಲ, ಒಂದು ಔಷಧಿಯಿಲ್ಲ, ಖರ್ಚೇ ಇಲ್ಲದ ಮಗು ಕಣೇ ಎಂದು ಬಂದವರೆಲ್ಲ ಹೊಗಳಿದ್ದರು, ನಾನೂ ಹಿಗ್ಗಿದ್ದೆ. ಇನ್ನೊಂದು ಕಂಬಳಿ ಹೊದಿಸಿ ಒಲೆಯ ಹತ್ತಿರ ಕೂತು ನೋಡಿಬಿಡಲೇ, ಒಂದೇ ಹನಿ, ಒಂದು ಹನಿ ಕಂಡರೆ ಸಾಕು — ಥೂ, ಹೆತ್ತವಳು ಮಾಡುವ ಕೆಲಸವೇ ಇದು, ಕುಡಿ ಕಂದ, ಕುಡಿ.

ಹೊರಗೆ ಮಾತು, ಗುಜರಿಯವನು ಬಂದಿದ್ದಾನೆ, ಇವರೇ ಕರೆಸಿದ್ದು, ಕೂಲರ್ ಕೊಟ್ಟುಬಿಡೋಣ, ಸುಮ್ಮನೆ ಮೂಲೆಯಲ್ಲಿ ಕೂತು ಕಣ್ಣಿಗೆ ಚುಚ್ಚುತ್ತೆ ಎಂದಿದ್ದರು, ನಾನು ಹೂಂ ಎಂದಿದ್ದೆ, ಹೂಂ ಎನ್ನದೆ ಏನೆನ್ನಲಿ. ಈ ಚಳೀಲಿ ಕೂಲರ್ ಯಾರಣ್ಣ ತಗೋತಾರೆ, ತಂಪು ಪುಕ್ಕಟೆ ಸಿಗ್ತಿರೋವಾಗ, ನೀವು ಕರೆದ್ರಲ್ಲ ಅಂತ ಬಂದೆ ಅಷ್ಟೆ. ಅತ್ತೆ ಬಿಡುತ್ತಾರೆಯೇ, ಅಯ್ಯೋ ನಿನ್ನ ತಲೆ, ಬೇಸಿಗೇಲಿ ಇದನ್ನೇ ಹೊಸದು ಅಂತ ಯಾರ ತಲೆಗೋ ಕಟ್ತೀಯ, ನಂಗೊತ್ತಿಲ್ವಾ ನಿನ್ನ ಕಸುಬು. ಅವನು ನಗುತ್ತಾನೆ, ಅಜ್ಜಿ, ನೀವು ನಮ್ಮ ಅಂಗಡೀಲಿ ಕೂರಿ, ನಾನು ಮನೇಲಿ ಮಲಗ್ತೀನಿ, ಗರಗರ ಸದ್ದು, ನೆಲದ ಮೇಲೆ ಎಳೆಯುತ್ತಿದ್ದಾನೆ, ಹೊಸಿಲು ದಾಟಿಸಿದರೆ ಮುಗಿಯಿತು, ಬೇಡ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕಾಗುತ್ತದೆ, ಹೇಳಿದರೆ ಇದೂ ಹಾಗೆಯೇ ಎಂದು ನನ್ನ ಬಾಯಿಂದಲೇ ಬಂದಂತಾಗುತ್ತದೆ, ತಾಯಿಯ ಬಾಯಿಂದ, ಸುಮ್ಮನಿರು, ಹೋಗಲಿ ಬಿಡು, ಬೇಸಿಗೆ ಬರಲಿ — ಬಂದ ಮೇಲೆ? ಎದೆಗೆ ಕೂಸನ್ನು ಒತ್ತಿಕೊಂಡೇ ಬಾಗಿಲಿಗೆ ಬಂದಿದ್ದೇನೆ, ಅದನ್ನ ಕೆಳಗಿಡಿ ಎಂದು ಯಾರೋ ಹೇಳುತ್ತಾರೆ, ನಾನೇ, ಕೆಳಗಿಡಿ, ಕೊಡಲ್ಲ. ಇವರು ತಿರುಗಿ, ಯಾಕೇ, ಇನ್ನು ಯಾರಿಗೆ ಬೇಕು ಅದು, ಎಂದವರು ನನ್ನ ಕೈ ನೋಡಿದರು, ಕೂಸಿನ ಕುತ್ತಿಗೆಯ ಹಿಂದೆ ಅಂಟಿಕೊಂಡಿರುವ ನನ್ನ ಕೈ. ಗುಜರಿಯವನು ಹಗ್ಗ ಸುತ್ತಿಕೊಂಡ, ಬರ್ತೀನಕ್ಕ.

ಇವರು ಕೂಲರನ್ನು ಮೂಲೆಗೆ ತಳ್ಳಿದರು, ತಳ್ಳಿ ಅದರ ಮೈಮೇಲಿನ ಧೂಳನ್ನು ಅಂಗಿಯ ತೋಳಿನಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದಾರೆ, ಅತ್ತೆ ಕುಲಾವಿ ಸರಿಮಾಡುವ ನೆಪದಲ್ಲಿ ಕೂಸಿನ ತಲೆಯ ಹಿಂದೆ ಬೆರಳಿಟ್ಟರು, ತೆಗೆದರು, ಆ ಬೆರಳನ್ನು ಸೆರಗಿಗೆ ಒರೆಸಲಿಲ್ಲ, ಒರೆಸಲು ಅದರಲ್ಲಿ ಏನೂ ಇರಲಿಲ್ಲ, ಚಳಿ ಅಲ್ವೇನೇ, ಎಂದರು, ಹೌದತ್ತೆ, ಚಳಿ, ಈ ತಿಂಗಳು ಕರೆಂಟು ಉಳಿಯಿತು, ಐಸು ಉಳಿಯಿತು, ಹಾಲು ಉಳಿಯಿತು, ಒಲೆಯ ಮೇಲೆ ಅದು ಉಕ್ಕುತ್ತಿದೆ, ಹೋಗಿ ಆರಿಸಬೇಕು, ಕಿಟಕಿಯಾಚೆ ಹಗ್ಗದ ಮೇಲೆ ಹಳದಿ ಬನಿಯನ್, ಒಂದು ಹಗಲು ಒಂದು ರಾತ್ರಿ ಕಳೆದರೂ ಒಣಗಿಲ್ಲ, ತುದಿಯಲ್ಲಿ ಹನಿ ಕೂಡುತ್ತದೆ, ತೂಗುತ್ತದೆ, ಬೀಳುತ್ತದೆ, ಮತ್ತೆ ಕೂಡುತ್ತದೆ, ಒಣಗುತ್ತಿಲ್ಲ, ಈಗ ಒಣಗುತ್ತಿಲ್ಲ