ಅಂಗಿಗೆ ಒಂದು ತೋಳು ಕೂರಿಸುವಷ್ಟು ಹೊತ್ತು

ಈ ಬೆಂಚು ನನ್ನ ಮೊಣಕಾಲಿಗಿಂತ ಗಿಡ್ಡ, ಮಡಚಿಕೊಂಡು ಕೂತಿದ್ದೇನೆ ಕೊನೆಯ ಸಾಲಿನಲ್ಲಿ, ಎದುರಿಗೆ ಇಪ್ಪತ್ತು ಪುಟ್ಟ ಬೆನ್ನುಗಳು, ಪಕ್ಕದ ಸಾಲಿನಲ್ಲಿ ಒಂದು ಬೆಂಚು ಮುಂದಿರುವುದು ನನ್ನ ಮಗಳದು, ಕೈಯಲ್ಲಿ ಟೀಚರು ಕೊಟ್ಟ ಕಾಗದ — ತುಂಬಾ ನಿಧಾನ ಅಮ್ಮಾ ನಿಮ್ಮ ಹುಡುಗಿ, ಅಂಕಿ ಕೇಳಿದ್ರೆ ಬಾಯೇ ಬಿಡಲ್ಲ, ಇನ್ನೊಂದು ವರ್ಷ ಇದೇ ಕ್ಲಾಸಲ್ಲಿರ್ಲಿ, ಬೇಕಾದ್ರೆ ಹಿಂದೆ ಕೂತು ನೀವೇ ನೋಡಿ, ಆಮೇಲೆ ಸಹಿ ಹಾಕಿ — ನೋಡುತ್ತಿದ್ದೇನೆ, ಕಣ್ಣು ಎಳೆಯುತ್ತಿದೆ, ಸರಿಯಾಗಿ ನಿದ್ದೆ ಮಾಡಿ ಯಾವ ಕಾಲವಾಯಿತೋ, ಮಕ್ಕಳು ಬೆಂಚು ಅಳೆಯುತ್ತಿದ್ದಾರೆ, ಹನ್ನೊಂದು ಗೇಣು ಮಿಸ್, ಸುಳ್ಳು ಸುಳ್ಳು ಒಂಬತ್ತೇ, ನಿಂದು ಇಲಿ ಕೈ ಕಣೋ, ನಿಂದು ಕೋತಿ ಕೈ, ಮಿಸ್ ಅಲ್ನೋಡಿ ಆ ಆಂಟಿ ಕುತ್ತಿಗೇಲಿ ಟೇಪಿದೆ — ಅಯ್ಯೋ, ಹೊಲಿಗೆ ಮಷೀನು ಬಿಟ್ಟು ಹಾಗೇ ಎದ್ದು ಬಂದಿದ್ದೇನೆ, ಊರವರ ಎದೆ ಸೊಂಟ ಎಲ್ಲ ಅಳೆಯುವವಳು, ಮಗಳ ಅಳತೆ ಮಾತ್ರ ಬೇರೆಯವರು ಹೇಳಬೇಕಾಯಿತು, ಅವಳು ಗೇಣು ಹಾಕುತ್ತ ಹಾಕುತ್ತ ಬೆಂಚಿನ ತುದಿ ಮುಟ್ಟಿದಳು, ಎಷ್ಟಾಯ್ತಮ್ಮ ಅಂತ ಟೀಚರು ಕೇಳಿದರೆ ಮತ್ತೆ ಮೊದಲಿಂದ ಗೇಣು ಹಾಕತೊಡಗಿದಳು, ಹೇಳೇ ನನ್ನಮ್ಮಾ, ಒಂದು ಅಂಕಿ ಉದುರಿಸೇ, ತಪ್ಪಾದರೂ ಆಗಲಿ.

ಸರಿ, ಈಗೆಲ್ಲ ಕಣ್ಣು ಮುಚ್ಚಿ, ಒಂದು ನಿಮಿಷ ಆಯ್ತು ಅನ್ನಿಸಿದಾಗ ಕೈ ಎತ್ತಬೇಕು, ಟೀಚರು ವಾಚು ನೋಡಿಕೊಂಡು ಶುರು ಅಂದರು, ಅನ್ನುವಷ್ಟರಲ್ಲೇ ಇಲಿ ಕೈ ಮೇಲೆ ಹೋಯಿತು, ಆಯ್ತು ಮಿಸ್, ಆಮೇಲೆ ಕೋತಿ ಕೈ, ನಾಲ್ಕು, ಏಳು, ಪಟಪಟ ಎಲ್ಲರದೂ, ಇವಳದೊಂದು ಬಿಟ್ಟು — ಟೀಚರು ನನ್ನ ಕಡೆ ನೋಡಿದರು, ನೋಡಿದ್ರಾ ಅನ್ನೋ ಹಾಗೆ, ನಾನು ತಲೆ ತಗ್ಗಿಸಿದೆ, ತಗ್ಗಿಸಿದ್ದಕ್ಕೇ ಕಂಡದ್ದು, ಅವಳ ಬೆಂಚಿನ ಕೆಳಗೆ, ನೆಲಕ್ಕೆ ಎಟುಕದ ಎರಡು ಕಾಲು, ಹಿಮ್ಮಡಿ ಬೆರಳು ಹಿಮ್ಮಡಿ ಬೆರಳು, ಗಾಳಿಯನ್ನೇ ತುಳಿಯುತ್ತಿವೆ, ಥೂ ಸುಮ್ಮನೆ ಕೂರಬಾರದೇನೇ ಅಂದುಕೊಂಡೆ, ಅಷ್ಟರಲ್ಲಿ ಕಾಲು ನಿಂತಿತು, ಕೈ ಎದ್ದಿತು, ಟೀಚರು ವಾಚು ನೋಡಿದರು, ನಿಂತಿಲ್ಲ ತಾನೇ ಅಂತ ಕಿವಿಗಿಟ್ಟುಕೊಂಡರು, ಅರವತ್ತು ಸೆಕೆಂಡು, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ, ಎಣಿಸಿದ್ಯಾ ಪುಟ್ಟಿ? ಇಲ್ಲ ಮಿಸ್, ಮತ್ತೆ? ಅಮ್ಮ ಅಂಗಿಗೆ ಒಂದು ತೋಳು ಕೂರಿಸೋಷ್ಟು ಹೊತ್ತು ಮಿಸ್, ಒಂದಿನ ಗಡಿಯಾರ ನೋಡ್ಕೊಂಡೆ, ಮುಳ್ಳು ಒಂದು ಸುತ್ತು ಬರತ್ತೆ — ಹನ್ನೆರಡು ವರ್ಷದಿಂದ ತೋಳು ಕೂರಿಸುತ್ತಿದ್ದೇನೆ, ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೇ ಗೊತ್ತಿಲ್ಲ, ಚಿಂದಿಯ ರಾಶಿಯಲ್ಲಿ ಗೊಂಬೆ ಆಡಿಸಿಕೊಂಡು ಕೂತಿರುತ್ತಿದ್ದಳಲ್ಲ ಇವಳು, ದಾರಿಗಡ್ಡ ಏಳೇ ಅಂತ ಎಷ್ಟು ಸಲ ಗದರಿದ್ದೇನೆ.

ಇನ್ನೊಂದ್ಸಲ, ಈ ಸಲ ಎರಡು ನಿಮಿಷ, ಟೀಚರ ದನಿ ಯಾಕೋ ಸಣ್ಣಗಾಗಿದೆ, ಹತ್ತಿರ ಬಂದು ನನ್ನ ಕೈಯಿಂದ ಕಾಗದ ಎಳೆದುಕೊಂಡರು, ಇರ್ಲಿ ಬಿಡಿ ಅಮ್ಮಾ, ಸಹಿ ಬೇಡ, ಮುಂದಿನ ಕ್ಲಾಸಿಗೇ ಹೋಗ್ಲಿ, ಸರಿ ಮಿಸ್ ಎಂದೆನೋ ಇಲ್ಲವೋ, ಕಣ್ಣೆಲ್ಲ ಬೆಂಚಿನ ಕೆಳಗೆ, ಹಿಮ್ಮಡಿ ಬೆರಳು ಹಿಮ್ಮಡಿ ಬೆರಳು, ಒಂದು ತೋಳು ಮುಗಿಯಿತು, ಕಾಲು ನಿಂತಿತು, ಬಲಗೈ ಗಾಳಿಯಲ್ಲಿ ಕಾಣದ ಮಷೀನಿನ ಗಾಲಿಯನ್ನು ಒಮ್ಮೆ ತಿರುಗಿಸಿತು, ನಾನು ತಿರುಗಿಸುವ ಹಾಗೆಯೇ, ಇನ್ನೊಂದು ತೋಳಿಗೆ ಮತ್ತೆ ಆ ಎರಡು ಕಾಲು, ನೆಲಕ್ಕೆ ಎಟುಕದ ಆ ಎರಡು ಕಾಲು, ಹಿಮ್ಮಡಿ, ಬೆರಳು, ಹಿಮ್ಮಡಿ —